ಮಕ್ಕಳಿಗೆ ಆಹಾರಪಾಠ



ಊಟದ ವಿಷಯವನ್ನು ಕುರಿತು ಮಾತನಾಡಲು ವೈದ್ಯರಿದ್ದಾರೆ, ರಸಾಯನಶಾಸ್ತ್ರಜ್ಞರಿದ್ದಾರೆ, ಅವರೆಲ್ಲರಿಗಿಂತ ಮಿಗಿಲಾಗಿ ನಮ್ಮ ನಿಮ್ಮ ಮನೆಗಳ ತಾಯಂದಿರಿದ್ದಾರೆ. ಕಾಲೇಜಿನಲ್ಲಿ ಪಾಠ ಹೇಳುವ ನಮಗೆ ಈ ವಿಷಯದಲ್ಲಿರುವ ಅಧಿಕಾರ ಒಂದೇ. ಇದನ್ನು ಚಿಕ್ಕ ಮಕ್ಕಳಿಗೆ ಕಲಿಸಹೋಗಿ ಒಮ್ಮೆ ಚೆನ್ನಾಗಿ ಸೋತವರು ನಾವು. ಸೋತವನ ಮಾತಿಗೂ ಒಂದು ಪ್ರಯೋಜನವುಂಟು: ಯಾವ ದಾರಿಯಲ್ಲಿ ಹೋಗಬಾರದೆಂಬುದನ್ನಾದರೂ ಅವನು ನಿಶ್ಚಯವಾಗಿ ಹೇಳಬಲ್ಲನು.

ನಡೆದುದಿಷ್ಟು. ಮಂಡ್ಯದ ಸೀಮೆಯಲ್ಲಿ ನಮ್ಮ ಬಂಧುಗಳಿರುವ ಒಂದು ಹಳ್ಳಿಯುಂಟು. ಅಲ್ಲಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯವರು, ಮಕ್ಕಳಿಗೆ ಒಳ್ಳೆಯ ಆಹಾರದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಮ್ಮನ್ನು ಕರೆದರು. ಕರೆದುದೇ ತಡ, ನಾವು ಬಣ್ಣಬಣ್ಣದ ದೊಡ್ಡ ಪಟವೊಂದನ್ನು ಬರೆಯಿಸಿಕೊಂಡು ಹೊರಟೆವು. ಪಿಷ್ಟ, ಸಸಾರಜನಕ, ಮೇದಸ್ಸು, ಲವಣ, ಜೀವಸತ್ತ್ವ ಎಂದು ಅದರಲ್ಲಿ ಐದು ಅಂಕಣಗಳು. ಒಂದೊಂದರಲ್ಲಿಯೂ ಹಾಲಿನ ಲೋಟ, ಸೇಬು, ಬ್ರೆಡ್ಡು, ಮೊಟ್ಟೆ, ಬಾದಾಮಿ ಮೊದಲಾದ ಚಿತ್ರಗಳು. ಮೂರನೆಯ ನಾಲ್ಕನೆಯ ತರಗತಿಯ ಮಕ್ಕಳು ನಲವತ್ತು ನಿಮಿಷ ಕದಲದೆ ಕುಳಿತು ಕೇಳಿದರು. ಮಕ್ಕಳು ಕದಲದೆ ಕುಳಿತರೆ ಪಾಠ ಹತ್ತಿತೆಂದು ತಿಳಿಯುವುದು ಕಾಲೇಜಿನ ಉಪಾಧ್ಯಾಯರಿಗೆ ಸಹಜವಾದ ಭ್ರಾಂತಿ. ಕೊನೆಯಲ್ಲಿ, ನಿನ್ನೆ ರಾತ್ರಿ ಏನು ಊಟಮಾಡಿದಿರಿ ಎಂಬುದನ್ನು ಒಂದು ಕಾಗದದ ಮೇಲೆ ಬರೆದುಕೊಡಿರೆಂದು ಕೇಳಿದೆವು. ಮೂವತ್ತೊಂದು ಕಾಗದಗಳು ಬಂದುವು. ಹಾಲು, ಹಣ್ಣು, ಬ್ರೆಡ್ಡು, ಮೊಟ್ಟೆ. ಎಲ್ಲ ಕಾಗದಗಳಲ್ಲಿಯೂ ಹೆಚ್ಚುಕಡಮೆ ಇದೇ ಊಟ. ಊರು ಇಷ್ಟು ಸುಭಿಕ್ಷವಾಗಿದೆಯಲ್ಲ ಎಂದು ನಾವು ಸಂತೋಷಪಟ್ಟೆವು.

ಮುಖ್ಯೋಪಾಧ್ಯಾಯಿನಿಯವರು ಮಾತ್ರ ಸಂತೋಷಪಡಲಿಲ್ಲ. ಒಂದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನಮಗೆ ತೋರಿಸಿದರು. ‘ಬ್ರೆಡ್ಡು, ಹಾಲು’ ಎಂಬ ಅಕ್ಷರಗಳ ಕೆಳಗೆ, ರಬ್ಬರಿನಿಂದ ಉಜ್ಜಿಹಾಕಿದ್ದರೂ ಸೀಸದ ಕಡ್ಡಿಯ ಒತ್ತು ಉಳಿದು, ‘ಮುದ್ದೆ, ಉಪ್ಸಾರು’ ಎಂಬ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದುವು. ಬರೆದವಳು ಎಂಟು ವರ್ಷದ ಹುಡುಗಿ. ಆಕೆ ಮೊದಲು ನಿಜವನ್ನೇ ಬರೆದಿದ್ದಳು. ಆಮೇಲೆ ತಲೆಯೆತ್ತಿ ನಮ್ಮ ಪಟವನ್ನು ನೋಡಿ, ತನ್ನ ಮನೆಯ ಊಟ ಅದರಲ್ಲಿಲ್ಲವೆಂದು ಕಂಡುಕೊಂಡು, ಅದನ್ನು ಉಜ್ಜಿಹಾಕಿದಳು. ನಲವತ್ತು ನಿಮಿಷಗಳಲ್ಲಿ ನಾವು ಕಲಿಸಿದುದು ಇಷ್ಟೇ: ಮನೆಯಲ್ಲಿ ತಿಂದುದನ್ನು ಶಾಲೆಯಲ್ಲಿ ಹೇಳಲು ನಾಚಬೇಕೆಂಬುದು.

ಆ ಮಗು ಉಜ್ಜಿಹಾಕಿದ ಊಟವೆಂಥದು, ಅದರ ಮೇಲೆ ಬರೆದ ಊಟವೆಂಥದು ಎಂಬುದನ್ನು ನಿಷ್ಪಕ್ಷಪಾತವಾಗಿ ತೂಗಿ ನೋಡಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣದಂಶ ಸುಮಾರು 364 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ 8 ಮಿಲಿಗ್ರಾಂ ಕೂಡ ಇಲ್ಲ. ಹಸುವಿನ ಹಾಲಿನಲ್ಲಿ ಸುಮಾರು 118. ಒಣಗಿದ ಕಾಳನ್ನು ನೀರಾದ ಹಾಲಿನೊಡನೆ ಹೋಲಿಸುವುದು ಪೂರ್ತಿ ನ್ಯಾಯವಲ್ಲ, ನಿಜ. ರಾಗಿಯಲ್ಲಿರುವ ಫೈಟೇಟ್ ಎಂಬ ದ್ರವ್ಯವು ಸುಣ್ಣವನ್ನೂ ಕಬ್ಬಿಣವನ್ನೂ ಕಟ್ಟಿಹಾಕಿ ಮೈಗೆ ಸೇರಗೊಡದೆಂಬುದೂ ನಿಜ. ಆದರೆ ನಮ್ಮ ಅಜ್ಜಿಯರು ರಾಗಿಯನ್ನು ನೆನೆಯಿಟ್ಟು, ಮೊಳಕೆ ಕಟ್ಟಿ, ಒಣಗಿಸಿ ಬೀಸುತ್ತಿದ್ದರಲ್ಲವೆ? ಮೊಳಕೆಯೊಡೆದಾಗ ಆ ಫೈಟೇಟ್ ಬಹುಮಟ್ಟಿಗೆ ಕರಗುತ್ತದೆ. ಇನ್ನು ಉಪ್ಸಾರೆಂದರೆ ಕಾಳನ್ನೂ ಸೊಪ್ಪನ್ನೂ ಬೇಯಿಸಿದ ಕಟ್ಟು. ಬೆಂದ ಕಾಳು ಸೊಪ್ಪುಗಳೂ ತಟ್ಟೆಯ ಬದಿಯಲ್ಲಿಯೇ ಇರುತ್ತವೆ. ಪೇಟೆಯ ಬಿಳಿಯ ಬ್ರೆಡ್ಡು ಇದರ ಮುಂದೆ ನಿಲ್ಲತಕ್ಕುದಲ್ಲ. ಅಷ್ಟಾದರೂ ನಮ್ಮ ಪಟದಲ್ಲಿ ಬ್ರೆಡ್ಡಿಗೆ ಸ್ಥಳವಿತ್ತು, ಮುದ್ದೆಗಿರಲಿಲ್ಲ. ಆ ಪಟವನ್ನು ನಾವು ಯಾವುದೋ ಇಂಗ್ಲಿಷ್ ಪುಸ್ತಕದ ಚಿತ್ರವನ್ನು ನೋಡಿ ಬರೆಯಿಸಿದ್ದೆವು.

ಇದು ಒಬ್ಬ ಉಪನ್ಯಾಸಕನ ಅವಿವೇಕವಾಗಿ ಮುಗಿದಿದ್ದರೆ ನಿಮ್ಮ ಮುಂದೆ ಹೇಳಿಕೊಳ್ಳಬೇಕಾದುದಿರಲಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆಯಿದೆಯೆಂದೂ, ಐದು ವರ್ಷದೊಳಗಿನವರಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದೂ ಕಂಡುಕೊಂಡಿತು. ಅಂದು ಅಳೆಯಲ್ಪಟ್ಟ ಮಕ್ಕಳೇ ಅನಂತರದ ವರ್ಷಗಳಲ್ಲಿ ಒಂದನೆಯ ಎರಡನೆಯ ತರಗತಿಗಳಲ್ಲಿ ಬಂದು ಕುಳಿತವರು. ಪಾಠದ ನಡುವೆ ತೂಕಡಿಸುವ ಹುಡುಗನನ್ನು ನಾವು ಸೋಮಾರಿಯೆನ್ನುತ್ತೇವೆ. ರಕ್ತದಲ್ಲಿ ಕಬ್ಬಿಣ ಸಾಲದೆ ಅವನು ತೂಕಡಿಸುತ್ತಿರಬಹುದೆಂಬುದು ನಮಗೆ ಹೊಳೆಯುವುದಿಲ್ಲ. ಹೀಗಿರಲು ಆಹಾರಪಾಠವನ್ನು ಶನಿವಾರದ ಬಿಡುವಿನ ವೇಳೆಯ ನೀತಿಬೋಧೆಯೆಂದು ಭಾವಿಸುವಂತಿಲ್ಲ.

ಹಾಗಾದರೆ ಎಂಟು ವರ್ಷದ ಮಗುವಿಗೆ ಇದನ್ನು ಕಲಿಸುವುದು ಹೇಗೆ? ಪಟವನ್ನು ಮಡಿಸಿಟ್ಟ ಮೇಲೆ ಆ ಶಾಲೆಯ ಉಪಾಧ್ಯಾಯಿನಿಯರೊಡನೆ ಕೂಡಿ, ಮಳೆಗಾಲದಿಂದ ಸಂಕ್ರಾಂತಿಯ ಆಚೆಯವರೆಗೆ, ತಿಂಗಳಿಗೊಂದೆರಡು ಸಲ ಹೋಗಿಬಂದು ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಹೇಳುತ್ತೇವೆ.

ಮಕ್ಕಳಿಗೆ ಜೀವಸತ್ತ್ವದ ಹೆಸರು ಹತ್ತುವುದಿಲ್ಲ. ಕೋಳಿಯ ಕಥೆ ಹತ್ತುತ್ತದೆ. ಆ ಕಥೆ ನಡೆದುದು 1890ರ ಸುಮಾರಿನಲ್ಲಿ, ಜಾವಾ ದ್ವೀಪದ ಬಟಾವಿಯಾ ನಗರದಲ್ಲಿ. ಅಲ್ಲಿ ಕ್ರಿಶ್ಚಿಯನ್ ಐಕ್‌ಮನ್ ಎಂಬ ಡಚ್ ವೈದ್ಯನು ಬೆರಿಬೆರಿ ಎಂಬ ರೋಗದ ಕಾರಣವನ್ನು ಹುಡುಕುತ್ತಿದ್ದನು. ಈ ರೋಗ ಹಿಡಿದವರಿಗೆ ಕಾಲುಗಳು ಸೋತು ನಡೆಯಲಾಗುವುದಿಲ್ಲ. ಅವನು ಸಾಕಿದ್ದ ಕೋಳಿಗಳೂ ಒಂದು ದಿನ ಹಾಗೆಯೇ ತತ್ತರಿಸತೊಡಗಿದುವು. ಕೆಲವು ತಿಂಗಳಾದ ಮೇಲೆ, ಯಾರೂ ಔಷಧ ಕೊಡದೆಯೇ, ತಾವಾಗಿಯೇ ನೆಟ್ಟಗಾದುವು. ವಿಚಾರಿಸಲಾಗಿ ತಿಳಿದುಬಂದುದು ವಿಚಿತ್ರ. ಕೋಳಿಗಳಿಗೆ ಕೆಲವು ಕಾಲ ಸೈನ್ಯದ ಆಸ್ಪತ್ರೆಯ ಅಡುಗೆಮನೆಯಿಂದ ಮಿಕ್ಕ ಬಿಳಿಯ ಅನ್ನ ಬರುತ್ತಿತ್ತು. ಆಮೇಲೆ ಹೊಸ ಅಡುಗೆಯವನು ಬಂದು, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಹಾಕಲಾಗದೆಂದುಬಿಟ್ಟನು. ಕೋಳಿಗಳಿಗೆ ಮತ್ತೆ ತೌಡಿರುವ ಅಗ್ಗದ ಅಕ್ಕಿಯೇ ಗತಿಯಾಯಿತು. ಅದರಿಂದಲೇ ಅವು ಬದುಕಿದುವು! ಐಕ್‌ಮನ್ ಮಹಾಶಯನು ಮೊದಲು ಬಿಳಿಯ ಅಕ್ಕಿಯಲ್ಲಿ ಏನೋ ವಿಷವಿದೆಯೆಂದು ಬಗೆದನು. ವಿಷವಿದ್ದುದರಿಂದಲ್ಲ, ಇರಬೇಕಾದುದೊಂದು ಇಲ್ಲದುದರಿಂದ ರೋಗ ಬಂದಿತೆಂದು ಅವನ ಜೊತೆಯ ಗ್ರೈನ್ಸ್ ಎಂಬವನು 1901ರಲ್ಲಿ ತಿದ್ದಿದನು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಬಂದಿತು. ಇಲ್ಲದಿರುವುದೂ ರೋಗಕ್ಕೆ ಕಾರಣವಾಗಬಹುದೆಂಬ ಈ ಮಾತು ವಿದ್ವಾಂಸರಿಗೇ ಹೊಳೆಯಲು ಅಷ್ಟು ಕಾಲ ಹಿಡಿದಿತ್ತು. ಕಥೆ ಕೇಳಿದ ನಾಲ್ಕನೆಯ ತರಗತಿಯ ಹುಡುಗನೊಬ್ಬನು ಎದ್ದುನಿಂತು ಕೇಳಿದನು: “ಸಾರ್, ಹಂಗಾದ್ರೆ ತೌಡ ನಾವು ಹಸೀಗೆ ಹಾಕ್ತೀವಲ್ಲ, ಹಸ ನಮಗಿಂತ ಚೆಂದಾಗಿ ತಿಂತದಾ?” ನಮಗೆ ಒಡನೆ ಉತ್ತರ ತೋರಲಿಲ್ಲ.

ಈ ಕಥೆಗೆ ನಮ್ಮ ನಾಡಿನ ನಂಟೂ ಉಂಟು. ಕರಾವಳಿಯ ಜನರು ಉಣ್ಣುವ ಕುಸುಬಲಕ್ಕಿಯನ್ನು ಭತ್ತವಾಗಿರುವಾಗಲೇ ನೆನೆಯಿಸಿ ಬೇಯಿಸಿ ಒಣಗಿಸುತ್ತಾರೆ. ಹಾಗೆ ಮಾಡುವಾಗ ತೌಡಿನ ಸತ್ತ್ವದಲ್ಲೊಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಮೇಲೆ ಹೇಳಿದ ಹೈದರಾಬಾದಿನ ಸಂಸ್ಥೆಯು ಹುಟ್ಟಿದುದೇ ಬೆರಿಬೆರಿಯ ವಿಚಾರಣೆಗಾಗಿ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬವರು ಒಂದೇ ಕೋಣೆಯಲ್ಲಿ ಅದನ್ನು ಆರಂಭಿಸಿದರು. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು.

ಎರಡನೆಯ ಕಥೆ ನಮ್ಮದೇ. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ ಎಂಬ ಕಾವ್ಯದಲ್ಲಿ ಅಕ್ಕಿಗೂ ರಾಗಿಗೂ ಆದ ವ್ಯಾಜ್ಯವನ್ನು ಹೇಳಿದ್ದಾರೆ. ಎರಡರಲ್ಲಿ ಹೆಚ್ಚು ಯಾವುದೆಂದು ತೀರ್ಪು ಕೊಡಬೇಕಾದ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಅಕ್ಕಿ ಸೊರಗಿರುತ್ತದೆ. ರಾಗಿ ಇದ್ದಂತೆಯೇ ಇರುತ್ತದೆ. ಈ ಕಾವ್ಯವನ್ನು ಮೇಲುಕೀಳುಗಳ ವಿಚಾರವಾಗಿ ಓದುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ಕಾಳು ಕೂಡಿಡುವ ಒಕ್ಕಲಿಗನ ಅನುಭವವೂ ಅದರಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚಿದ ರಾಗಿ ವರ್ಷಾಂತರಗಳವರೆಗೆ ಹುಳು ಹಿಡಿಯದೆ ಇರುತ್ತಿತ್ತು. ಬರಗಾಲದಲ್ಲಿ ಊರು ಬದುಕುತ್ತಿದ್ದುದು ಅದರಿಂದ. ಮಕ್ಕಳು ಈ ಕಥೆಯನ್ನು ಆಟವಾಗಿ ಆಡಿದರು. ರಾಗಿಯ ಪಾತ್ರವನ್ನು ತನಗೇ ಕೊಡಬೇಕೆಂದು ಮುಂದೆ ಬಂದವಳು ಯಾರೆಂದು ನೀವು ಊಹಿಸಬಹುದು. ಕಾಗದವನ್ನು ಉಜ್ಜಿಹಾಕಿದ್ದ ಆ ಹುಡುಗಿಯೇ.

ಇಲ್ಲಿಂದ ಮುಂದಿನ ಪಾಠಕ್ಕೆ ತರಗತಿಯ ಕೋಣೆ ಸಾಲದಾಯಿತು. ಆಹಾರವು ಮೈಗೆ ಹಿತವಾಗಿದ್ದರೆ ಸಾಲದು. ಅದನ್ನು ಕೊಡುವ ನೆಲವೂ ನೀರೂ ನಾಳೆಗೆ ಉಳಿಯುವಂತಿರಬೇಕೆಂಬ ವಿಚಾರವು ಈಗ ಪ್ರಪಂಚದಲ್ಲೆಲ್ಲ ನಡೆಯುತ್ತಿದೆ. ದೊಡ್ಡವರ ಸಭೆಗಳಲ್ಲಿ ಇದು ಬಹಳ ಗಹನವಾಗಿ ಕೇಳಿಸುತ್ತದೆ. ಮಳೆಯ ರಾಗಿಯ ಹೊಲದ ಬದುವಿನ ಮೇಲೆ ನಿಂತರೆ ಅಷ್ಟು ಗಹನವೇನೂ ಅಲ್ಲ. ಹಳೆಯ ಕ್ರಮದಲ್ಲಿ ಬಿತ್ತಿದ ಹೊಲದಲ್ಲಿ ರಾಗಿಯೊಂದೇ ಇರುವುದಿಲ್ಲ. ಹಲವು ಸಾಲು ರಾಗಿಗೊಂದು ಅಕ್ಕಡಿ ಸಾಲು ಇರುತ್ತದೆ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸುವೆ, ಕೆಲವೆಡೆ ಜೋಳ. ನಾವು ಮಕ್ಕಳಿಗೆ ಕೇಳಿದ ಪ್ರಶ್ನೆ ಒಂದೇ: ಈ ಹೊಲದಲ್ಲಿರುವುದನ್ನೆಲ್ಲ ತಟ್ಟೆಗೆ ಹಾಕಿದರೆ ಏನಾಗುತ್ತದೆ? ಅವರು ಒಬ್ಬರ ಮಾತಿನ ಮೇಲೊಬ್ಬರು ಕೂಗಿದರು. ರಾಗಿ ಮುದ್ದೆಯಾಯಿತು; ಅವರೆ ಸಾರಾಯಿತು; ಅಲಸಂದೆಯ ಎಲೆ ಸೊಪ್ಪಾಯಿತು; ಹುಚ್ಚೆಳ್ಳು ಚಟ್ನಿಪುಡಿಯಾಯಿತು; ಸಾಸುವೆ ಒಗ್ಗರಣೆಯಾಯಿತು. ನಮ್ಮ ಪಟದ ಐದು ಅಂಕಣಗಳು ಬದುವಿನ ಮೇಲೆ ತುಂಬಿಹೋದುವು. ರಾಗಿಯ ಸಸಾರಜನಕದಲ್ಲಿ ಕಡಮೆಯಿರುವ ಲೈಸಿನ್ ಎಂಬ ಅಂಶ ಅವರೆಯಲ್ಲಿ ಹೇರಳವಾಗಿದೆ. ಆದಕಾರಣ ಮುದ್ದೆಗೆ ಕಾಳುಸಾರು ಜೊತೆಯಾದುದು ರುಚಿಗಾಗಿ ಮಾತ್ರವಲ್ಲ. ಇದನ್ನು ಮಕ್ಕಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇವೆ.

ಮಕ್ಕಳಿಗೆ ಹೇಳಿದುದು ಬೇರಿನ ವಿಷಯ. ಒಂದು ಅವರೆಯ ಗಿಡವನ್ನು ಮೆಲ್ಲಗೆ ಕಿತ್ತು, ಮಣ್ಣು ಒದರಿ, ಬೇರಿನಲ್ಲಿ ಕಾಣುವ ಸಣ್ಣ ಸಣ್ಣ ಗಂಟುಗಳನ್ನು ತೋರಿಸಿದೆವು. ಆ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಗಿಡ ತೀರಿದ ಮೇಲೆ ಅದರಲ್ಲೊಂದು ಪಾಲು ಮಣ್ಣಿಗೆ ಸೇರುತ್ತದೆ. ಗೊಬ್ಬರದ ಚೀಲಕ್ಕೆ ದುಡ್ಡು ಕೊಡುವ ತಂದೆಯ ಮಕ್ಕಳು ಈ ಗಂಟನ್ನು ಬಹಳ ಹೊತ್ತು ನೋಡುತ್ತ ನಿಂತರು.

ನೀರಿನ ವಿಷಯದಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು; ಮಂಡ್ಯದ ಸೀಮೆಯಲ್ಲಿ ಇನ್ನೂ ಎಚ್ಚರಿಕೆಯಿಂದ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನಾಲೆ ಬರುವ ಮೊದಲು ಅದು ರಾಗಿಯ ಬೆದ್ದಲು ಭೂಮಿ. ನಾಲೆ ಬಂದ ಮೇಲೆ ಭತ್ತವೂ ಕಬ್ಬೂ ಬಂದುವು. 1933ರಲ್ಲಿ ಸಕ್ಕರೆಯ ಕಾರ್ಖಾನೆ ಬಂದಿತು. ಜನರ ಕೈಯಲ್ಲಿ ಹಣವಾಡಿತು. ಅದರಿಂದ ಓದು ಕಲಿತವರಲ್ಲಿ ನಮ್ಮ ಹಿರಿಯರೂ ಸೇರಿದ್ದಾರೆ. ಭತ್ತ ಬೆಳೆದವನು ತಪ್ಪು ಮಾಡಿದನೆಂದು ಅವನ ಮಗುವಿಗೆ ಹೇಳುವುದು ಕೃತಘ್ನತೆ. ಆದರೆ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಬೇಕು, ರಾಗಿಗೆ ಮಳೆಯೇ ಸಾಕು ಎಂಬುದನ್ನು ಮಗು ತಾನೇ ಕಣ್ಣಾರೆ ಕಾಣುತ್ತದೆ. ಮಳೆ ತಪ್ಪಿದ 2023ನೆಯ ವರ್ಷದಲ್ಲಿ ಕಾವೇರಿಯ ನೀರಿಗಾಗಿ ನಡೆದ ಗಲಭೆಯೂ ಅದಕ್ಕೆ ನೆನಪಿದೆ. ನೀರು ಕಡಮೆಯಾದರೆ ಯಾವ ಬೆಳೆ ಉಳಿಯುತ್ತದೆಂದು ಕೇಳಿ ಸುಮ್ಮನಾಗುವುದೇ ಮೇಲು. ಅದೇ 2023ನ್ನು ವಿಶ್ವಸಂಸ್ಥೆಯವರು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದರು. ನಗರದ ಹೋಟೆಲುಗಳಲ್ಲಿ ರಾಗಿಗೆ ಬಂದ ಮರ್ಯಾದೆಯಲ್ಲಿ ಒಂದು ಪಾಲು ಹಳ್ಳಿಯ ಶಾಲೆಗೂ ತಲಪಿದ್ದರೆ ಚೆನ್ನಾಗಿತ್ತು.

ಇನ್ನು ಬಿಸಿಯೂಟ. ಆಹಾರವನ್ನು ಕಲಿಸಲು ಪ್ರಯೋಗಶಾಲೆ ಬೇಕೆನ್ನುವವರು, ನಮ್ಮ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಪ್ರತಿದಿನ ಮಧ್ಯಾಹ್ನ ಹೊಗೆಯಾಡುವ ಪ್ರಯೋಗಶಾಲೆಯೊಂದಿದೆಯೆಂಬುದನ್ನು ಮರೆಯುತ್ತಾರೆ. ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಧಿಸಿತು; 2002ರಲ್ಲಿ ನಮ್ಮ ರಾಜ್ಯವು ಅಕ್ಷರ ದಾಸೋಹವೆಂಬ ಹೆಸರಿನಿಂದ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲುಮಾಡಿತು. 2013ರಲ್ಲಿ ಹಾಲು ಸೇರಿತು. 2021ರ ಕೊನೆಯಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಸೇರಿ, ಆಮೇಲೆ ಎಲ್ಲೆಡೆಗೆ ಹಬ್ಬಿತು. 2024ರಲ್ಲಿ ರಾಗಿಯ ಮಾಲ್ಟು ಬಂದಿತು. ಪ್ರಾಥಮಿಕ ತರಗತಿಯ ಒಂದು ಮಗುವಿನ ಮಧ್ಯಾಹ್ನದ ಊಟಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ನಿಯಮವುಂಟು. ಇದರಿಂದ 450 ಕ್ಯಾಲೊರಿಯೂ 12 ಗ್ರಾಂ ಸಸಾರಜನಕವೂ ದೊರೆಯಬೇಕು. ಈ ಅಂಕಿಗಳನ್ನು ಗೋಡೆಯ ಮೇಲೆ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಉಪಾಧ್ಯಾಯಿನಿಯವರು ಒಂದು ತಕ್ಕಡಿ ತರಿಸಿ ಮಕ್ಕಳಿಂದಲೇ ತೂಗಿಸಿದರು. 50 ಗ್ರಾಂ ತರಕಾರಿಯೆಂದರೆ ಎಷ್ಟೆಂದು ಕೈಯಲ್ಲಿ ಹಿಡಿದು ನೋಡಿದ ಮೇಲೆ, ಸಾರಿನಲ್ಲಿ ಅಷ್ಟು ಕಾಣುತ್ತಿಲ್ಲವಲ್ಲ ಎಂಬ ಪ್ರಶ್ನೆಯೂ ಹುಟ್ಟಿತು. ಅದು ಹುಟ್ಟಬೇಕಾದ ಪ್ರಶ್ನೆಯೇ. ಗುಣಾಕಾರ ಭಾಗಾಕಾರಗಳನ್ನು ಹೀಗೆ ಕಲಿತವರು ಮರೆಯಲಾರರು.

ಆದರೆ ಈ ಪ್ರಯೋಗಶಾಲೆಯ ನಿಜವಾದ ಅಧ್ಯಾಪಕಿ ಬೇರೊಬ್ಬರು. ಅಲ್ಲಿ ಅಡುಗೆ ಮಾಡುವ ಅರವತ್ತರ ಹತ್ತಿರದ ಹೆಂಗಸು. ಮಕ್ಕಳು ಆಕೆಯನ್ನು ಅಜ್ಜಿಯೆನ್ನುತ್ತಾರೆ. ಒಂದು ದಿನ ಆಕೆ ಸೊಪ್ಪು ಸೋಸುತ್ತಿದ್ದುದನ್ನು ಕಂಡು, ಇದರ ಹೆಸರೇನೆಂದು ನಾವು ಕೇಳಿದೆವು. ಆಕೆ ಅಣ್ಣೆಸೊಪ್ಪು, ಹೊನಗೊನ್ನೆ, ಗೋಣಿಸೊಪ್ಪು, ನುಗ್ಗೆಸೊಪ್ಪು ಎಂದು ಒಂದೊಂದನ್ನೇ ಎತ್ತಿ ತೋರಿಸಿ, “ಇವ್ನೆಲ್ಲ ಯಾರೂ ಕಾಸು ಕೊಟ್ಟು ತರಾಂಗಿಲ್ಲ ಸಾರ್, ಹೊಲದಾಗೆ, ಬೇಲಿ ಮ್ಯಾಲೆ ಸಿಕ್ತವೆ. ಮಕ್ಳಿಗೆ ಹೆಸ್ರು ಗೊತ್ತಾದ್ರೆ ಅವೇ ಕಿತ್ಕೊಂಡು ಬತ್ತವೆ. ಗೊತ್ತಿಲ್ದೋದ್ರೆ ಕಳೆ ಅಂತಾವೆ” ಎಂದರು. ಆಹಾರಪಾಠದ ಅರ್ಧ ಭಾಗ ಈ ಮಾತಿನಲ್ಲಿದೆ. ಮುಂದಿನ ವಾರದಿಂದ ಶುಕ್ರವಾರ ಕಡೆಯ ಗಂಟೆಯಲ್ಲಿ ಆಕೆಯೇ ಮಕ್ಕಳಿಗೆ ಸೊಪ್ಪಿನ ಗುರುತು ಹೇಳಿಕೊಡುವುದೆಂದು ಏರ್ಪಾಡಾಯಿತು. ಕುರ್ಚಿ ಹಾಕಿದರೂ ಆಕೆ ಕುಳಿತುಕೊಳ್ಳಲಿಲ್ಲ. ನಿಂತೇ ಪಾಠ ಹೇಳಿದರು. ಸೊಪ್ಪಿನ ಸಾರಿಗೆ ನಿಂಬೆಯ ಹುಳಿ ಹಿಂಡುವುದು ಆಕೆಯ ರೂಢಿ. ನಿಂಬೆ ನೆಲ್ಲಿಗಳಲ್ಲಿರುವ ಸಿ ಜೀವಸತ್ತ್ವವು ಸೊಪ್ಪಿನ ಕಬ್ಬಿಣ ಮೈಗೆ ಸೇರಲು ನೆರವಾಗುತ್ತದೆ. ಊಟದ ಒಡನೆ ಕುಡಿದ ಚಹ ಅದಕ್ಕೆ ಅಡ್ಡಿಯಾಗುತ್ತದೆ. ಆಕೆಯ ಪಾಠಕ್ಕೆ ನಾವು ಸೇರಿಸಿದ ಟಿಪ್ಪಣಿ ಇಷ್ಟೇ.

ಅಂಗಡಿಯ ತಿಂಡಿಯ ವಿಷಯವಾಗಿ ಬೋಧೆಗಿಂತ ಚಮಚ ಮೇಲು. ಬಣ್ಣದ ಸಿಹಿ ಪಾನೀಯದ ಶೀಸೆಗಳಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆಯಿರುತ್ತದೆ. ಶೀಸೆಯ ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ. ಮಕ್ಕಳು ತಾವೇ ಓದಿ, ಲೆಕ್ಕ ಹಾಕಿ, 250 ಮಿಲಿಲೀಟರಿನ ಒಂದು ಶೀಸೆಗೆ ಬರುವ 25 ಗ್ರಾಂ ಸಕ್ಕರೆಯನ್ನು ಚಮಚದಿಂದ ತಟ್ಟೆಗೆ ಅಳೆದು ಹಾಕಿದರು, ಐದಾರು ಚಮಚೆಯಾಯಿತು. ಇಷ್ಟನ್ನು ಬಾಯಿಗೆ ಸುರಿದುಕೊಳ್ಳುವಿರಾ ಎಂದರೆ ಎಲ್ಲರೂ ಮುಖ ಸಿಂಡರಿಸಿದರು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕ್ಯಾಲೊರಿ ಬೇಕು. ಬೆರೆಸಿದ ಸಕ್ಕರೆ ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಮೀರಬಾರದು, ಸಾಧ್ಯವಾದರೆ ಅದರಲ್ಲಿಯೂ ಅರ್ಧಕ್ಕೆ ಇಳಿಯಬೇಕೆಂಬುದು 2015ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲೆಕ್ಕ ಮಾಡಿದರೆ ಹತ್ತರಲ್ಲೊಂದು ಪಾಲೆಂದರೆ 42 ಗ್ರಾಂ, ಅರ್ಧವೆಂದರೆ 21. ಒಂದು ಶೀಸೆ ಈ ಎರಡನೆಯ ಗಡಿಯನ್ನು ದಾಟಿಬಿಡುತ್ತದೆ. ಕೊಬ್ಬು, ಉಪ್ಪು, ಸಕ್ಕರೆಗಳು ಅತಿಯಾಗಿರುವ ತಿಂಡಿಗಳನ್ನು ಶಾಲೆಯ ಒಳಗೂ ಬಾಗಿಲಿನಿಂದ 50 ಮೀಟರಿನ ಒಳಗೂ ಮಾರಕೂಡದೆಂದು 2020ರಲ್ಲಿ ಕೇಂದ್ರದವರು ನಿಯಮ ಮಾಡಿದ್ದಾರೆ. ಆ ಹಳ್ಳಿಯ ಅಂಗಡಿ ಎಷ್ಟು ಮೀಟರಿನಲ್ಲಿದೆಯೆಂದು ಐದನೆಯ ತರಗತಿಯವರು ಹಗ್ಗ ಹಿಡಿದು ಅಳೆದೂ ಬಂದರು. ಅಂಗಡಿಯವನ ಮಗನೂ ಅದೇ ತರಗತಿಯಲ್ಲಿದ್ದುದರಿಂದ ಫಲಿತಾಂಶವನ್ನು ಇಲ್ಲಿ ಹೇಳುವುದಿಲ್ಲ. ಅವನು ಕಡಲೆಕಾಯಿ ಬೆಲ್ಲದ ಉಂಡೆಯ ಒಂದು ಡಬ್ಬಿಯನ್ನು ಮುಂದೆ ಇಡಲು ಒಪ್ಪಿದ್ದಾನೆ.

ನಗರವಾಸಿಗಳಾದ ನಿಮಗೆ ಈ ಹಳ್ಳಿಯ ವೃತ್ತಾಂತವೇಕೆ ಎಂದು ಕೆಲವರಿಗೆ ತೋರಬಹುದು. ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ನಮ್ಮ ಮಗಳು ನಗರದ ಶಾಲೆಗೆ ಹೋಗುವವಳು. ಬುತ್ತಿಗೆ ರಾಗಿರೊಟ್ಟಿ ಕಟ್ಟಿಕೊಟ್ಟ ದಿನ ಡಬ್ಬಿ ಹಾಗೆಯೇ ಮರಳಿ ಬರುತ್ತಿತ್ತು. ಜೊತೆಯ ಮಕ್ಕಳು ‘ಕಪ್ಪು ರೊಟ್ಟಿ’ ಎಂದು ನಕ್ಕರಂತೆ. ಆ ನಗೆಯನ್ನು ಅವರು ಎಲ್ಲಿಂದ ಕಲಿತರು? ಅವರ ತಂದೆತಾಯಿಗಳು, ಎಂದರೆ ನಾವೂ ನೀವೂ, ನೆಂಟರು ಬಂದಾಗ ಮುದ್ದೆಯ ಪಾತ್ರೆಯನ್ನು ಒಳಗಿಟ್ಟು ಅನ್ನವನ್ನು ಮುಂದಕ್ಕೆ ತಂದುದನ್ನು ನೋಡಿ ಕಲಿತರು. ಹಳ್ಳಿಯ ಹುಡುಗಿ ಉಜ್ಜಿಹಾಕಿದ ಅಕ್ಷರಕ್ಕೂ ನಗರದ ಹುಡುಗಿ ಮರಳಿ ತಂದ ರೊಟ್ಟಿಗೂ ಮೂಲ ಒಂದೇ ಕಡೆಯಲ್ಲಿದೆ. ನಗರದ ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ‘ದಿನಕ್ಕೆರಡು ಲೋಟ ಹಾಲು, ಒಂದು ಸೇಬು’ ಎಂದು ಬರೆಯಿಸುವ ಮೊದಲು, ಆ ತರಗತಿಯಲ್ಲಿ ಸೇಬನ್ನು ಕೊಳ್ಳಲಾರದ ಮನೆಯ ಮಗು ಎಲ್ಲಿ ಕುಳಿತಿದೆಯೆಂದು ಒಮ್ಮೆ ಕಣ್ಣಾಡಿಸಿರಿ. ಸೀಬೆಹಣ್ಣೂ ನೆಲ್ಲಿಯೂ ಸೇಬಿಗೆ ಯಾವ ವಿಧದಲ್ಲಿಯೂ ಕಡಮೆಯಲ್ಲ. ಸಿ ಜೀವಸತ್ತ್ವದಲ್ಲಂತೂ ಅವೇ ಬಹಳ ಮುಂದು. ಮೊಟ್ಟೆ ತಿನ್ನುವ ಮಗುವೂ ತಿನ್ನದೆ ಬಾಳೆಹಣ್ಣು ತೆಗೆದುಕೊಳ್ಳುವ ಮಗುವೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ಆ ಹಳ್ಳಿಯ ಶಾಲೆಯಲ್ಲಿ ನಾವು ಕಂಡೆವು. ಅಲ್ಲಿ ಅದು ಯಾರಿಗೂ ಚರ್ಚೆಯ ವಿಷಯವಾಗಿ ತೋರಲಿಲ್ಲ.

ಸಂಕ್ರಾಂತಿ ಕಳೆದು ಹದಿನೈದು ದಿನಗಳಾದ ಮೇಲೆ ನಾವು ಆ ವರ್ಷದ ಕೊನೆಯ ಸಲ ಅಲ್ಲಿಗೆ ಹೋದೆವು. ಶಾಲೆಯ ಹಿಂದಿನ ಪಾತಿಗಳಲ್ಲಿ ಸೊಗಡಿನ ಅವರೆ ಮುಗಿಯುತ್ತ ಬಂದಿತ್ತು. ಕೈತೊಳೆಯುವ ನೀರು ಹರಿದುಹೋಗುವ ಕಡೆ ನೆಟ್ಟಿದ್ದ ಬಸಳೆ ಗೋಡೆಗೆ ಹಬ್ಬಿತ್ತು. ಯಾವ ಪಟವನ್ನೂ ಒಯ್ದಿರಲಿಲ್ಲ. ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿ, ನಿನ್ನೆ ರಾತ್ರಿಯ ಊಟವನ್ನು ಬರೆದುಕೊಡಿರೆಂದೆವು. ಈ ಸಲ ಇಪ್ಪತ್ತೊಂಬತ್ತು ಕಾಗದಗಳು. ಮುದ್ದೆ ಬಸ್ಸಾರು, ಅನ್ನ ಹುರುಳಿಸಾರು, ರೊಟ್ಟಿ ಉಚ್ಚೆಳ್ಳುಪುಡಿ, ಬರಿಯ ಅನ್ನ ಮಜ್ಜಿಗೆ, ಬನ್ನು ಟೀ. ಹುಡುಗಿಯ ಕಾಗದದಲ್ಲಿ ಉಜ್ಜಿದ ಗುರುತಿರಲಿಲ್ಲ. ‘ಮುದ್ದೆ, ಅವರೆಕಾಳು ಸಾರು, ಎರಡು ಸಲ ಹಾಕಿಸಿಕೊಂಡೆ’ ಎಂದಿತ್ತು. ನಾವು ಆ ಕಾಗದವನ್ನು ಓದಿ ನಗುತ್ತಿರುವಾಗ ಮುಖ್ಯೋಪಾಧ್ಯಾಯಿನಿಯವರು ಕಂತೆಯಿಂದ ಬೇರೆ ಮೂರು ಕಾಗದಗಳನ್ನು ಎತ್ತಿ ಪ್ರತ್ಯೇಕವಾಗಿ ಇಟ್ಟುಕೊಂಡರು. ಅವುಗಳಲ್ಲಿ ಎರಡರಲ್ಲಿ ‘ಏನೂ ಇಲ್ಲ’ ಎಂದೂ, ಒಂದರಲ್ಲಿ ‘ಅವ್ವ ಕೂಲಿಯಿಂದ ಬರುವಾಗ ನಾನು ಮಲಗಿಬಿಟ್ಟಿದ್ದೆ’ ಎಂದೂ ಬರೆದಿತ್ತು. ಹಿಂದಿನ ಸಲ ಆ ಮೂವರೂ ಹಾಲು ಹಣ್ಣು ಎಂದೇ ಬರೆದಿರಬೇಕು.

ಅವರು ಆ ಮೂರು ಕಾಗದಗಳನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು, ನಾಳೆಯಿಂದ ಬೆಳಿಗ್ಗೆಯ ಹಾಲಿನ ಸಾಲಿನಲ್ಲಿ ಯಾರು ಮೊದಲು ನಿಲ್ಲಬೇಕೆಂಬುದನ್ನು ಹೇಳಿಬರಲು ಅಡುಗೆಮನೆಯ ಕಡೆಗೆ ನಡೆದರು.